ಧವಳದ ಪ್ರತಿಗಳೂ ಅಚೌರ್ಯವ್ರತವೂ

ಜ್ಯೇಷ್ಠ ಶುಕ್ಲ ಪಂಚಮಿಯಂದು ನಮ್ಮ ಬಸದಿಗಳಲ್ಲಿ ಜಿನಬಿಂಬದೊಡನೆ ಶಾಸ್ತ್ರಕ್ಕೂ ಪೂಜೆ ಸಲ್ಲುತ್ತದೆ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತವು ಅಳಿದುಹೋದೀತೆಂಬ ಕಳವಳದಿಂದ ಇಬ್ಬರು ಸಮರ್ಥ ಮುನಿಗಳನ್ನು ಕರೆಸಿಕೊಂಡು ಅದನ್ನು ಬೋಧಿಸಿದರೆಂದೂ, ಆ ಪುಷ್ಪದಂತ ಭೂತಬಲಿಗಳು ಅದನ್ನು ಷಟ್ಖಂಡಾಗಮವೆಂಬ ಸೂತ್ರಗ್ರಂಥವಾಗಿ ಬರಹಕ್ಕಿಳಿಸಿ ಇದೇ ಪಂಚಮಿಯಂದು ಪೂಜಿಸಿದರೆಂದೂ ಪರಂಪರೆ ಹೇಳುತ್ತದೆ. ಅಂದರೆ ನಮ್ಮಲ್ಲಿ ಬರವಣಿಗೆಯು ಹುಟ್ಟಿದ್ದೇ ನಷ್ಟದ ಭಯದಿಂದ. ಈ ಮಾತನ್ನು ಪ್ರತಿವರ್ಷ ಕೇಳುತ್ತೇವೆ, ರೇಷ್ಮೆಯ ವಸ್ತ್ರದಲ್ಲಿ ಸುತ್ತಿದ ಮುದ್ರಿತ ಪುಸ್ತಕಕ್ಕೆ ಅಕ್ಷತೆ ಹಾಕಿ ಮನೆಗೆ ಬರುತ್ತೇವೆ.

ಕಳೆದ ಶ್ರುತಪಂಚಮಿಯಂದು ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ನನ್ನ ಸೋದರಳಿಯ ಬಂದಿದ್ದನು. ಹಳೆಯ ಗ್ರಂಥ, ಕಡತ, ನಕಾಶೆ, ಭಾವಚಿತ್ರಗಳ ಡಿಜಿಟಲ್ ಪ್ರತಿ ತೆಗೆಯುವುದು ಅವನ ವೃತ್ತಿ. ಊಟವಾದ ಮೇಲೆ ಅವನು ಬಹಳ ಸಂಕೋಚದಿಂದ ಒಂದು ಸಂಗತಿಯನ್ನು ಹೇಳಿದನು. ಮೂರು ವರ್ಷಗಳ ಹಿಂದೆ ಒಂದು ಹಳ್ಳಿಯ ಬಸದಿಯಲ್ಲಿದ್ದ ಹತ್ತೊಂಬತ್ತು ಓಲೆಗರಿಯ ಕಟ್ಟುಗಳ ಚಿತ್ರಗಳನ್ನು ಅವನು ತೆಗೆದುಕೊಟ್ಟಿದ್ದನು. ಎಲ್ಲ ಚಿತ್ರಗಳನ್ನೂ ಬಸದಿಯ ಆಡಳಿತಕ್ಕೆ ಒಪ್ಪಿಸಿ, ತನ್ನ ಯಂತ್ರದಲ್ಲಿರುವುದನ್ನು ಪೂರ್ತಿ ಅಳಿಸಿಬಿಡುವುದಾಗಿ ಕಾಗದದ ಮೇಲೆ ಸಹಿ ಹಾಕಿದ್ದನು. ಆದರೆ ಅಳಿಸಲಿಲ್ಲ. ಈಗ ಬಸದಿಯವರ ಪೆಟ್ಟಿಗೆಯಲ್ಲಿದ್ದ ಹಾರ್ಡ್ ಡಿಸ್ಕ್ ಕೆಟ್ಟುಹೋಗಿದೆ. ಕಟ್ಟುಗಳಲ್ಲಿ ಎರಡಕ್ಕೆ ಮಳೆಗಾಲದಲ್ಲಿ ಮಾಡಿನಿಂದ ನೀರಿಳಿದು ಗರಿಗಳು ಒಂದಕ್ಕೊಂದು ಅಂಟಿಕೊಂಡಿವೆ. "ಮಾವ, ನನ್ನ ಹತ್ತಿರ ಇದೆ ಎಂದು ಹೇಳಿದರೆ ಕಳ್ಳನಾಗುತ್ತೇನೆ, ಹೇಳದಿದ್ದರೆ?" ಎಂದು ಕೇಳಿ ಸುಮ್ಮನಾದನು.

ಉತ್ತರ ನನಗೆ ಆಗ ಹೊಳೆಯಲಿಲ್ಲ. ಅದಕ್ಕೆ ಬದಲಾಗಿ ಮೂಡಬಿದಿರೆಯ ಕಥೆಯನ್ನು ಹೇಳಿದೆನು. ಅಂದು ಅವನಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಬಸದಿಗಳ ಆಡಳಿತ ನೋಡಿಕೊಳ್ಳುವ ಸದ್ಧರ್ಮಬಂಧುಗಳು ಇದನ್ನು ಓದಿ ವಿಚಾರಮಾಡಬೇಕೆಂಬ ಆಸೆಯೂ ನನಗುಂಟು.

ಷಟ್ಖಂಡಾಗಮದ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ರಚಿಸಿದ ಧವಳಟೀಕೆಯು ಕ್ರಿ.ಶ. 816ರಲ್ಲಿ ಮುಗಿಯಿತು, ಅದರ ಪ್ರಮಾಣ 72,000 ಶ್ಲೋಕಗಳು. ಕಷಾಯಪ್ರಾಭೃತದ ಮೇಲಿನ ಜಯಧವಳವನ್ನು ಅವರು ಆರಂಭಿಸಿ, ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ ಪೂರ್ಣಗೊಳಿಸಿದರು. ಅದು 60,000 ಶ್ಲೋಕಗಳಷ್ಟಿದೆ. ಭೂತಬಲಿಗಳ ಮಹಾಬಂಧಕ್ಕೆ ಮಹಾಧವಳವೆಂದು ರೂಢಿಯ ಹೆಸರು. ಈ ಮೂರರ ಪ್ರಾಚೀನ ತಾಡಪತ್ರ ಪ್ರತಿಗಳು ಇಡೀ ಭರತಖಂಡದಲ್ಲಿ ಉಳಿದದ್ದು ನಮ್ಮ ಕನ್ನಡನಾಡಿನ ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ. ಹಳಗನ್ನಡ ಲಿಪಿಯಲ್ಲಿ, ಕಂಟದಿಂದ ಕೊರೆಯದೆ ಶ್ರೀತಾಳೆಯ ಅಗಲ ಗರಿಗಳ ಮೇಲೆ ಮಸಿಯಿಂದ ಬರೆದ ಪ್ರತಿಗಳವು. ಹೊಯ್ಸಳರ ಕಾಲದ ವರ್ಣಚಿತ್ರಗಳೂ ಅವುಗಳಲ್ಲಿವೆ. ಬರೆಯಿಸಿದವರಲ್ಲಿ ಶ್ರಾವಿಕೆಯರೇ ಮುಂದು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ದಾನಮಾಡಿದಳೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಮಾತು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಎಷ್ಟು ಗರಿ ಕಡಿದು, ಬೇಯಿಸಿ, ಒಣಗಿಸಿ, ಸಮ ಮಾಡಿರಬೇಕು. ಎಷ್ಟು ಲಿಪಿಕಾರರ ಬೆನ್ನು ಬಾಗಿರಬೇಕು!

ಆದರೆ ಅದೇ ಶಾಸ್ತ್ರದಾನದ ನಾಡಿನಲ್ಲಿ, ಕಾಲಾಂತರದಲ್ಲಿ, ಸಿದ್ಧಾಂತಗ್ರಂಥಗಳು ದರ್ಶನಕ್ಕೆ ಮಾತ್ರ ಉಳಿದವು. ಯಾತ್ರಿಕರು ಬರುವರು, ಕಾಣಿಕೆಯಿಟ್ಟು ಕಟ್ಟುಗಳಿಗೆ ಕೈಮುಗಿಯುವರು, ಹೋಗುವರು. ಓದಬಲ್ಲವರು ಬೆರಳೆಣಿಕೆಯಷ್ಟು. ಇದರಲ್ಲಿ ಕಾವಲಿದ್ದವರದೇ ತಪ್ಪೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಬೀಗ ಹಾಕಿ ಕಾಯದೇ ಇದ್ದಿದ್ದರೆ ಏಳೆಂಟು ಶತಮಾನಗಳ ಆ ಗರಿಗಳು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಕಾದವರು ಕೊಡಲು ಹೆದರಿದರು, ಅಷ್ಟೆ.

ಸುಮಾರು 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಸಂಘಸಮೇತ ಯಾತ್ರೆ ಬಂದಾಗ ಈ ಗ್ರಂಥಗಳ ದರ್ಶನ ಮಾಡಿದರು. ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ನೊಂದ ಅವರು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ಅದನ್ನು ತಿಳಿಸಿದರು. ಹೀರಾಚಂದರು ಮರುವರ್ಷ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ತಾವೇ ಹೋದರು. ಶಾಸ್ತ್ರಿಗಳು ಓದಿ ಹೇಳಬಲ್ಲವರಾಗಿದ್ದರು. ಅಂದು ಮೊಳೆತ ಸಂಕಲ್ಪ ಕಾರ್ಯವಾಗಲು ಹನ್ನೆರಡು ವರ್ಷ ಹಿಡಿಯಿತು. ಊರಿನ ಪಂಚರ ಮನವೊಲಿಸಿ, ಸಮಾಜದಲ್ಲಿ ಹಣ ಕೂಡಿಸಿ, 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಪ್ರತಿಲಿಪಿಯ ಕೆಲಸಕ್ಕೆ ಕುಳಿತರು. ಕೆಲಕಾಲದಲ್ಲಿಯೇ ಬ್ರಹ್ಮಸೂರಿಗಳು ತೀರಿಕೊಂಡರು. ಗಜಪತಿ ಉಪಾಧ್ಯಾಯರು ಒಬ್ಬರೇ ಮುಂದುವರಿದು ಧವಳ ಜಯಧವಳಗಳ ನಾಗರೀ ಪ್ರತಿಯನ್ನು ಮುಗಿಸಿದರು. ಮಹಾಧವಳದ ನಾಗರೀ ಪ್ರತಿಯನ್ನು ಮೂಡಬಿದಿರೆಯ ಲೋಕನಾಥ ಶಾಸ್ತ್ರಿಗಳು ಮಾಡಿದರು. ಎಲ್ಲವೂ ಮುಗಿದಾಗ 1922 ಬಂದಿತ್ತು: ಇಪ್ಪತ್ತಾರು ವರ್ಷಗಳು, ಸುಮಾರು ಇಪ್ಪತ್ತು ಸಾವಿರ ರೂಪಾಯಿಗಳ ವೆಚ್ಚ.

ಆದರೆ ಒಪ್ಪಂದವೇನು? ಪ್ರತಿಗಳೂ ಮೂಡಬಿದಿರೆಯಲ್ಲಿಯೇ ಇರತಕ್ಕದ್ದು. ಊರ ಗಡಿ ದಾಟತಕ್ಕದ್ದಲ್ಲ. ಗರಿ ಹೋದರೆ ಕಾಗದ ಉಳಿದೀತು, ನಿಜ; ಆದರೆ ಬೆಂಕಿಯೊಂದು ಬಿದ್ದರೆ ಗರಿಯೂ ಕಾಗದವೂ ಒಟ್ಟಿಗೇ ಬೂದಿ.

ಗಜಪತಿ ಉಪಾಧ್ಯಾಯರ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ಇಂದು ಊಹಿಸಬೇಕಷ್ಟೆ. ಹಗಲು ಬಸದಿಗಾಗಿ ಬರೆದು, ಮನೆಯಲ್ಲಿ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಯಾರಿಗೂ ತಿಳಿಯದಂತೆ ಸಿದ್ಧಪಡಿಸಿದರು. 1915ರ ಸುಮಾರಿಗೆ ಅದನ್ನು ಸೊಲ್ಲಾಪುರಕ್ಕೆ ಕೊಂಡೊಯ್ದು ಹೀರಾಚಂದರ ಮುಂದಿಟ್ಟು, ಯೋಗ್ಯ ಮೌಲ್ಯ ಕೊಟ್ಟು ಇಟ್ಟುಕೊಳ್ಳಿರೆಂದರು.

ಹೀರಾಚಂದರು ಆ ಗ್ರಂಥಕ್ಕಾಗಿ ಮೂವತ್ತು ವರ್ಷ ಹಂಬಲಿಸಿದವರು. ಅದಕ್ಕಾಗಿ ಹಣ ಕೂಡಿಸಿದವರು, ಪಂಚರ ಬಾಗಿಲಿಗೆ ಅಲೆದವರು. ಈಗ ಅದು ತಾನಾಗಿಯೇ ಮನೆಯ ಬಾಗಿಲಿಗೆ ಬಂದಿತ್ತು. ಅವರು ತೆಗೆದುಕೊಳ್ಳಲಿಲ್ಲ.

ಈ ನಿರಾಕರಣೆಯ ಹಿಂದಿನ ವಿಚಾರವನ್ನು ತಿಳಿಯಲು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನೋಡಬೇಕು. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುವಾಗ, ಕಳವಿಗೆ ಪ್ರೇರಿಸುವುದರ ಬೆನ್ನಿಗೇ ತದಾಹೃತಾದಾನವನ್ನು ಹೆಸರಿಸಿದ್ದಾರೆ. ಹಾಗೆಂದರೆ ಕಳವಿನಿಂದ ಬಂದ ವಸ್ತುವನ್ನು ತಾನು ಸ್ವೀಕರಿಸುವುದು. ವಸ್ತು ಎಷ್ಟು ಪೂಜ್ಯವಾದರೂ ಸರಿ, ಬಂದ ದಾರಿ ಮಲಿನವಾದರೆ ವ್ರತಿಗೆ ಅದು ಬೇಡ. ಒಪ್ಪಂದ ಮಾಡಿಸಿದವರಲ್ಲಿ ತಾವೂ ಒಬ್ಬರಾಗಿದ್ದ ಹೀರಾಚಂದರಿಗೆ ಬೇರೆ ದಾರಿ ಇರಲಿಲ್ಲವೆಂದು ನನಗನಿಸುತ್ತದೆ.

ಉಪಾಧ್ಯಾಯರು ಉತ್ತರದ ಸಹಾರನಪುರಕ್ಕೆ ಹೋದರು. ಅಲ್ಲಿಯ ಲಾಲಾ ಜಂಬೂಪ್ರಸಾದರು ಪ್ರತಿಯನ್ನು ಸ್ವೀಕರಿಸಿ ತಮ್ಮ ಮಂದಿರದಲ್ಲಿ ವಿರಾಜಮಾನ ಮಾಡಿಸಿದರು. ಕನ್ನಡ ಲಿಪಿಯನ್ನು ಅಲ್ಲಿ ಓದುವವರಾರು? ವಿಜಯಚಂದ್ರಯ್ಯನವರೆಂಬ ವಿದ್ವಾಂಸರು ಓದಿ ಹೇಳುತ್ತ, ಪಂಡಿತ ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುತ್ತ ವರ್ಷಾನುಗಟ್ಟಲೆ ಕೆಲಸ ನಡೆಯಿತು. ಇಲ್ಲೊಂದು ಸ್ವಾರಸ್ಯವಿದೆ: ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿಯನ್ನು ಗುಟ್ಟಾಗಿ ಇಟ್ಟುಕೊಂಡರು! ಕದ್ದ ಪ್ರತಿಯಿಂದ ಮತ್ತೊಮ್ಮೆ ಕದ್ದ ಪ್ರತಿ. ಅದರಿಂದಲೇ ಆರಾ, ಕಾರಂಜಾ, ಸಾಗರ ಮೊದಲಾದ ಕಡೆಗಳ ಭಂಡಾರಗಳಿಗೆ ನಕಲುಗಳು ಹೋದವು. ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ಆ ನಕಲುಗಳನ್ನೇ ಆಧಾರವಾಗಿಟ್ಟುಕೊಂಡು 1939ರಲ್ಲಿ ಧವಳಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದೆ ಹದಿನಾರು ಸಂಪುಟಗಳಲ್ಲಿ ಅದು ಪೂರ್ತಿಯಾಯಿತು. ಈ ಸಂಪೂರ್ಣ ವೃತ್ತಾಂತವನ್ನು, ಯಾರನ್ನೂ ಹೀಗಳೆಯದೆ, ಪ್ರಸ್ತಾವನೆಯಲ್ಲಿ ದಾಖಲಿಸಿದವರೂ ಅವರೇ. ಇಂದು ನಾವು ವಸ್ತ್ರದಲ್ಲಿ ಸುತ್ತಿ ಪೂಜಿಸುವ ಮುದ್ರಿತ ಧವಳದ ವಂಶಾವಳಿಯಲ್ಲಿ ಎರಡು ಕಳವುಗಳಿವೆಯೆಂಬುದನ್ನು ನಾವು ಮರೆಯಬಾರದು.

ಕೈಬರಹದ ನಕಲಿಗೆ ಇನ್ನೊಂದು ದೋಷವುಂಟು. ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ದೊರೆತ ನಕಲುಗಳಲ್ಲಿ 'ಸಂಜದ' ಎಂಬ ಒಂದು ಪದ ಇರಲಿಲ್ಲ. ಟೀಕೆಯ ವಾದಸರಣಿಯನ್ನು ನೋಡಿದರೆ ಆ ಪದ ಅಲ್ಲಿ ಇರಲೇಬೇಕೆಂದು ಅವರಿಗೆ ಕಂಡಿತು. ಪದ ಬಿಟ್ಟುಹೋದಂತಿದೆಯೆಂದು ಅಡಿಟಿಪ್ಪಣಿ ಹಾಕಿದರು. ಆ ಸೂತ್ರವು ಮನುಷ್ಯಸ್ತ್ರೀಯರ ಗುಣಸ್ಥಾನವನ್ನು ಕುರಿತದ್ದು. ಆದ್ದರಿಂದ ಮೂರೇ ಅಕ್ಷರಗಳಿಗಾಗಿ ದಿಗಂಬರ ವಿದ್ವಾಂಸರಲ್ಲಿ ವರ್ಷಗಟ್ಟಲೆ ಉಗ್ರವಾದ ವಾದ ನಡೆಯಿತು. ಪತ್ರಿಕೆಗಳು ಅದರಿಂದ ತುಂಬಿದವು. ಸಿದ್ಧಾಂತದ ಆ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ, ಅದು ನನ್ನ ಅಧಿಕಾರವೂ ಅಲ್ಲ. ಗಮನಿಸಬೇಕಾದುದು ಇಷ್ಟೇ: ವಾದದಿಂದ ತೀರದ ಮಾತು ಗರಿಯನ್ನು ನೋಡಿದಾಗ ತೀರಿತು. ಅಷ್ಟು ಹೊತ್ತಿಗೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಉದಾರವಾಗಿ ಮೂಲದೊಡನೆ ತಾಳೆ ನೋಡಲು ಅನುಮತಿ ಕೊಟ್ಟಿದ್ದರು. ತಾಡಪತ್ರದಲ್ಲಿ ಆ ಪದ ಇದ್ದೇ ಇತ್ತು. ಗರಿಯಿಂದ ಕಾಗದಕ್ಕೆ, ಕನ್ನಡದಿಂದ ನಾಗರಿಗೆ, ಊರಿಂದೂರಿಗೆ ನಕಲಾಗುವ ಯಾವುದೋ ಒಂದು ಸಂಜೆ, ದಣಿದ ಕಣ್ಣು ಒಂದು ಪದವನ್ನು ದಾಟಿತ್ತು. ಒಂದು ಪದ ಎರಡು ಸಲ ಬರುವಂತಹ ವಾಕ್ಯದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಕಣ್ಣು ಜಿಗಿಯುವುದು ಲಿಪಿಕಾರರ ಸಾಮಾನ್ಯ ಸ್ಖಲನ. ಈ ಸೂತ್ರದಲ್ಲಿಯೂ 'ಸಂಜದಾಸಂಜದ' ಎಂಬುದರ ಪಕ್ಕದಲ್ಲಿಯೇ ಆ ಪದವಿದೆ.

ಅಳಿಯನ ವೃತ್ತಿಯ ಮಹತ್ವ ನನಗೆ ಮನವರಿಕೆಯಾದದ್ದು ಇಲ್ಲಿಯೇ. ಕ್ಯಾಮೆರಾ ಓದುವುದಿಲ್ಲ, ಆದ್ದರಿಂದ ಪದ ಹಾರಿಸುವುದಿಲ್ಲ. ಅರ್ಥವಾಗದ ಕಡೆ ತನ್ನ ಊಹೆಯನ್ನು ಸೇರಿಸುವುದೂ ಇಲ್ಲ.

ಅವನು ಕೆಲಸ ಮಾಡುವುದನ್ನು ನಾನು ಒಮ್ಮೆ ಹತ್ತಿರ ಕುಳಿತು ನೋಡಿದ್ದೇನೆ. ಕ್ಯಾಮೆರಾವನ್ನು ಕಂಬಕ್ಕೆ ಬಿಗಿದು ನೇರವಾಗಿ ಕೆಳಮುಖ ಮಾಡಿರುತ್ತಾನೆ. ಎರಡು ಪಕ್ಕಗಳಿಂದ ಓರೆಯಾಗಿ, ಸುಡದಂತಹ ತಣ್ಣನೆಯ ದೀಪಗಳು. ಮಿಂಚುದೀಪ ಹಾಕುವುದಿಲ್ಲ, ಗರಿಯನ್ನು ಗಾಜಿನ ಕೆಳಗೆ ಒತ್ತುವುದಿಲ್ಲ. ಒಣಗಿದ ಗರಿಯನ್ನು ಬಲವಾಗಿ ಮಟ್ಟಮಾಡಲು ಹೋದರೆ ಹಪ್ಪಳದಂತೆ ಮುರಿಯುತ್ತದೆ. ದಾರ ಬಿಚ್ಚುವ ಮೊದಲು ಕಟ್ಟಿನ ಚಿತ್ರ, ಬಿಚ್ಚಿದ ಮೇಲೆ ಹಲಗೆಯ ಚಿತ್ರ, ಆಮೇಲೆ ಗರಿಯ ಮುಂಬದಿ, ಹಿಂಬದಿ. ಪ್ರತಿ ಚಿತ್ರದ ಅಂಚಿನಲ್ಲಿ ಅಳತೆಪಟ್ಟಿಯೂ ಬಣ್ಣದ ಪಟ್ಟಿಯೂ ಇರಬೇಕು. ಗರಿಯ ನಿಜವಾದ ಉದ್ದವೂ ಬಣ್ಣವೂ ಮುಂದಿನವರಿಗೆ ತಿಳಿಯುವುದು ಅದರಿಂದಲೇ. ಕೊರೆದ ಗರಿಯಲ್ಲಿ ಮಸಿ ಅಳಿಸಿಹೋಗಿದ್ದರೆ ದೀಪವನ್ನು ಬಹಳ ತಗ್ಗಿಸಿ ಒಂದೇ ಪಕ್ಕದಿಂದ ಬೆಳಕು ಬಿಡುತ್ತಾನೆ. ಗೀರಿನ ನೆರಳೇ ಅಕ್ಷರವಾಗಿ ಎದ್ದು ಕಾಣುತ್ತದೆ. ನೂರು ಗರಿಯ ಕಟ್ಟೆಂದರೆ ಇನ್ನೂರು ಮುಖ. ಒಂದೊಂದು ಚಿತ್ರ ನೂರು ಎಂ.ಬಿ. ಎಂದು ಇಟ್ಟುಕೊಂಡರೂ ಒಂದು ಕಟ್ಟಿಗೆ ಇಪ್ಪತ್ತು ಜಿ.ಬಿ. ಆಗುತ್ತದೆ. ಎಲ್ಲಕ್ಕಿಂತ ಬೇಸರದ ಕೆಲಸ ಹೆಸರಿಡುವುದು. ಯಾವ ಬಸದಿ, ಯಾವ ಕಟ್ಟು, ಎಷ್ಟನೆಯ ಗರಿ, ಯಾವ ಮುಖ ಎಂದು ಪ್ರತಿಯೊಂದಕ್ಕೂ ಗುರುತು ಹಾಕದಿದ್ದರೆ ಅಷ್ಟೂ ಚಿತ್ರಗಳು ದಾರ ಹರಿದ ಓಲೆಗಳ ರಾಶಿಯೇ ಸರಿ.

ಮಸಿಯಲ್ಲಿ ಬರೆದ ಗರಿಗಳ ವಿಚಾರದಲ್ಲಿ ನಮ್ಮ ನಾಡಿನದೇ ಒಂದು ದೊಡ್ಡ ಪ್ರಯೋಗವಿದೆ. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಪಿ. ಆರ್. ಮುಕುಂದರು, ಆರ್ಕಿಮಿಡೀಸನ ಹಸ್ತಪ್ರತಿಯ ಮೇಲೆ ಕೆಲಸ ಮಾಡಿದ್ದ ರೋಜರ್ ಈಸ್ಟನ್, ಕೀತ್ ನಾಕ್ಸ್ ಎಂಬ ತಜ್ಞರೊಡನೆ ಕೂಡಿ, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಏಳುನೂರು ವರ್ಷ ಹಳೆಯದೆನ್ನಲಾದ ತಾಡಪತ್ರಗಳ ಚಿತ್ರಣವನ್ನು 2005ರ ಕೊನೆಯಿಂದ ಕೈಗೊಂಡರು. 340 ಗರಿಗಳು, ಒಂದೊಂದೂ 26 ಅಂಗುಲ ಉದ್ದ, 2 ಅಂಗುಲ ಅಗಲ. ರಕ್ಷಣೆಯಾಗಲೆಂದು ಹಿಂದೆ ಯಾರೋ ಹಚ್ಚಿದ ಎಣ್ಣೆಯೇ ಗರಿಯನ್ನು ಕಡುಕಂದಾಗಿಸಿ ಅಕ್ಷರಗಳನ್ನು ನುಂಗಿತ್ತು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ನೋಡಿದಾಗ ಗರಿಯ ಕಂದು ತಿಳಿಯಾಗಿ, ಮಸಿ ಕಪ್ಪಾಗಿಯೇ ಉಳಿಯಿತು. ಪ್ರತಿ ಮುಖವನ್ನು ಎಂಟು ಹತ್ತು ತುಂಡುಗಳಾಗಿ ಚಿತ್ರಿಸಿ ಗಣಕದಲ್ಲಿ ಜೋಡಿಸಿದರು. ಒಟ್ಟು ಚಿತ್ರಗಳು ಸುಮಾರು 7,900. ನಮ್ಮ ಬಸದಿಗಳಲ್ಲಿ ವರ್ಷಕ್ಕೊಮ್ಮೆ ಕಟ್ಟುಗಳಿಗೆ ಕೈಗೆ ಸಿಕ್ಕ ಎಣ್ಣೆ ಸವರುವ ಭಕ್ತರು ಇದನ್ನು ಗಮನಿಸಬೇಕು. ಬೇವಿನ ಎಲೆಯನ್ನೂ ಬಜೆಯ ತುಂಡುಗಳನ್ನೂ ಪೆಟ್ಟಿಗೆಯಲ್ಲಿಡುವ ನಮ್ಮ ಹಿರಿಯರ ರೂಢಿ ನಿರಪಾಯಕರವಾದುದು. ಹುಳುವನ್ನು ಕೊಲ್ಲದೆ ದೂರವಿಡುವ ಉಪಾಯವದು.

ಚಿತ್ರವು ಮೂಲವನ್ನು ಮೀರಿ ಬದುಕಿ ಸಾಕ್ಷಿ ಹೇಳುವುದಕ್ಕೆ ನಮ್ಮ ಬಳ್ಳಾರಿ ಸೀಮೆಯೇ ಒಂದು ದೃಷ್ಟಾಂತ. ಹಂಪೆ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಮದರಾಸು ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿಗೆ ಬಂದು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಅರುವತ್ತಕ್ಕೂ ಹೆಚ್ಚು ಋಣಪ್ರತಿಗಳನ್ನು ತೆಗೆದನು. ಅವು ಯಾರ ಗಮನಕ್ಕೂ ಬಾರದೆ ನೂರು ವರ್ಷಗಳಿಗೂ ಮಿಕ್ಕು ಮೂಲೆಯಲ್ಲಿದ್ದು, 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ ವಿದ್ವಾಂಸರಿಗೆ ಹೋಲಿಕೆಯ ಸಾಮಗ್ರಿಯಾದವು. 1385ರಲ್ಲಿ ಇರುಗಪ್ಪ ದಂಡನಾಯಕನು ಕುಂಥುಜಿನನಾಥನಿಗೆ ಕಟ್ಟಿಸಿದ ಗಾಣಗಿತ್ತಿ ಬಸದಿಯ ಮುಂದಿನ ಮಾನಸ್ತಂಭದ ಶಾಸನವನ್ನು ಇಂದಿಗೂ ಹೋಗಿ ನೋಡಬಹುದು, ಏಕೆಂದರೆ ಅದು ಕಲ್ಲು. ಅದೇ ಬಸದಿಯಲ್ಲಿ ಓದುತ್ತಿದ್ದ ಓಲೆಗಳ ಗತಿ ಏನಾಯಿತೋ ಬಲ್ಲವರಿಲ್ಲ.

ಇನ್ನು ಧರ್ಮದ ಪ್ರಶ್ನೆ. ಕೊಡದಿದ್ದುದನ್ನು ತೆಗೆದುಕೊಂಡವನು ಚೌರ್ಯಕ್ಕೆ ಭಾಗಿಯೆಂದ ಅದೇ ಉಮಾಸ್ವಾಮಿಗಳು ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವವನ್ನೂ ಅಂತರಾಯವನ್ನೂ ಹೆಸರಿಸಿದ್ದಾರೆ. ತನ್ನಲ್ಲಿರುವ ಜ್ಞಾನವನ್ನು ಇಲ್ಲವೆನ್ನುವುದು ನಿಹ್ನವ, ಪಡೆಯಬಂದವನಿಗೆ ಅಡ್ಡಿಯಾಗುವುದು ಅಂತರಾಯ. ಸೂತ್ರದ ಒಂದು ಅಂಚು ಗಜಪತಿ ಉಪಾಧ್ಯಾಯರ ಕಡೆಗಿದ್ದರೆ ಇನ್ನೊಂದು ಅಂಚು ಬೀಗದ ಕೈ ಹಿಡಿದವರ ಕಡೆಗಿದೆ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೆನೆಯುತ್ತೇವೆ.

ಹಾಗಾದರೆ ಉಪಾಧ್ಯಾಯರು ಮಾಡಿದ್ದು ಸರಿಯೆ? ಫಲ ಒಳ್ಳೆಯದಾದ ಮಾತ್ರಕ್ಕೆ ಸರಿಯೆನ್ನಲು ನನಗೆ ಮನಸ್ಸು ಬಾರದು. ಅವರು ಮೌಲ್ಯ ಕೇಳಿದರೆಂಬುದೂ ಇದೆ. ಆದರೆ ಇಪ್ಪತ್ತು ವರ್ಷ ಕಣ್ಣು ಸವೆಸಿದ ಬಡ ಲಿಪಿಕಾರನನ್ನು ಅಷ್ಟಕ್ಕೇ ಲೋಭಿಯೆನ್ನುವ ಧೈರ್ಯವೂ ನನಗಿಲ್ಲ. ನನ್ನ ಮಟ್ಟಿಗೆ ಹೀರಾಚಂದರು ಸರಿ. ಆದರೆ ಅವರ ನಿಲುವಿಗೆ ಎಲ್ಲರೂ ಬದ್ಧರಾಗಿದ್ದರೆ ಧವಳವು ಅಚ್ಚಾಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ! ಕೊಡತಕ್ಕವರು ಮೊದಲೇ ಕೊಟ್ಟಿದ್ದರೆ ಒಬ್ಬ ಸಾತ್ತ್ವಿಕ ಗೃಹಸ್ಥನು ರಾತ್ರಿಯಲ್ಲಿ ಕಳ್ಳನಾಗಬೇಕಾಗಿರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ತರಬೇಕು.

ಡಿಜಿಟಲ್ ಪ್ರತಿಯ ಕಾಲದಲ್ಲಿ ಈ ಇಕ್ಕಟ್ಟು ಕಡಿಮೆಯಾಗಿಲ್ಲ, ಹೆಚ್ಚಿದೆ. ಇಪ್ಪತ್ತು ವರ್ಷದ ಕಳವು ಈಗ ಇಪ್ಪತ್ತು ನಿಮಿಷದ್ದು. ಬೆರಳುದ್ದದ ಡ್ರೈವಿನಲ್ಲಿ ಒಂದು ಭಂಡಾರ ಹೊರಟುಹೋದೀತು. ಆಡಳಿತದವರ ಅಂಜಿಕೆ ಹುಸಿಯಲ್ಲ. ಚಿತ್ರ ನೋಡಿ ಬೆಲೆ ಕಟ್ಟಿ ಮೂಲಕ್ಕೇ ಕೈಹಾಕುವವರೂ ಇರಬಹುದು. ಆದರೆ ಒಂದೇ ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ರಕ್ಷಣೆಯಾಯಿತೆಂಬುದು ದೊಡ್ಡ ಭ್ರಮೆ. ಗರಿ ಐನೂರು ವರ್ಷ ಬಾಳೀತು. ಡಿಸ್ಕು ಹತ್ತು ವರ್ಷ ಬಾಳಿದರೆ ಪುಣ್ಯ. ಮೂರು ಪ್ರತಿ ಮಾಡಿಸಿ, ಒಂದನ್ನಾದರೂ ಬೇರೆ ಊರಿನಲ್ಲಿಟ್ಟು, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸುತ್ತಿರಬೇಕು. ಅಂದರೆ ಲಿಪಿಕಾರನ ಕೆಲಸ ಮುಗಿದಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಂದದಲ್ಲಿ ಮರೆಯದೆ ಬರೆಯಿಸಬೇಕು: ತಿದ್ದಿ ತಿಳಿಗೊಳಿಸಿದ ಚಿತ್ರದೊಡನೆ ತಿದ್ದದ ಚಿತ್ರವನ್ನೂ ಒಪ್ಪಿಸತಕ್ಕದ್ದು. ಕಲೆಯೆಂದು ಯಂತ್ರ ಅಳಿಸಿದ್ದು ಒಂದು ಅನುಸ್ವಾರವಾಗಿದ್ದೀತು. ಅಚೌರ್ಯದ ಅತಿಚಾರಗಳ ಪಟ್ಟಿಯಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಹುಸಿಯನ್ನು ದಿಟವೆಂದು ದಾಟಿಸುವುದು.

ಮೂಡಬಿದಿರೆಯವರೇ ಆದ ಪಂ. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಪ್ರಾಂತ್ಯದ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿ, ಭಾರತೀಯ ಜ್ಞಾನಪೀಠವು ಅದನ್ನು 1948ರಲ್ಲಿ ಪ್ರಕಟಿಸಿತು. ಯಾವ ಭಂಡಾರದಲ್ಲಿ ಏನಿದೆಯೆಂದು ಲೋಕಕ್ಕೆ ತಿಳಿದದ್ದರಿಂದ ಯಾರ ಸ್ವತ್ತೂ ಕರಗಲಿಲ್ಲ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನೂ, 2025ರಲ್ಲಿ ಜ್ಞಾನಭಾರತಂ ಯೋಜನೆಯನ್ನೂ ಘೋಷಿಸಿತು. 2024ರ ಅಕ್ಟೋಬರಿನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವೂ ದೊರೆಯಿತು. ಸರ್ಕಾರದವರು ಬಂದು ಕೇಳುವ ಮೊದಲು ನಮ್ಮ ನಮ್ಮ ಬಸದಿಗಳ ಕಟ್ಟುಗಳನ್ನು ನಾವೇ ಎಣಿಸಿ ಪಟ್ಟಿಮಾಡಿದ್ದೇವೆಯೆ ಎಂದು ಧರ್ಮದರ್ಶಿಗಳು ತಮ್ಮನ್ನೇ ಕೇಳಿಕೊಳ್ಳಲಿ.

ಅಳಿಯನ ವಿಷಯಕ್ಕೆ ಬರುತ್ತೇನೆ. ಮುಂದಿನ ಭಾನುವಾರ ನಾವಿಬ್ಬರೂ ಆ ಹಳ್ಳಿಗೆ ಹೋದೆವು. ಅಭಿಷೇಕ ಮುಗಿದ ಮೇಲೆ ಹಿರಿಯರು ಜಗಲಿಯಲ್ಲಿ ಕುಳಿತಿದ್ದರು. ಅವನು ಡಿಸ್ಕನ್ನು ಅವರ ಮುಂದಿಟ್ಟು, ಅಳಿಸುವುದಾಗಿ ಬರೆದುಕೊಟ್ಟು ಅಳಿಸಲಿಲ್ಲವೆಂದು ಹೇಳಿದನು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎಲ್ಲರಿಗಿಂತ ಹಿರಿಯರು, "ತಮ್ಮಾ, ಇದರಿಂದ ಇನ್ಯಾರಿಗಾದರೂ ಕೊಟ್ಟಿದ್ದೀಯೇನು?" ಎಂದು ಕೇಳಿದರು. ಇಲ್ಲವೆಂದನು. ಒಬ್ಬರು ಸಿಟ್ಟಿನಿಂದ ಎದ್ದುಹೋದರು. ಅವರ ಸಿಟ್ಟು ಇನ್ನೂ ಇಳಿದಿಲ್ಲವೆಂದು ಕೇಳಿದ್ದೇನೆ. ಉಳಿದವರು, ಎರಡು ಹೊಸ ಪ್ರತಿ ಮಾಡಿಕೊಡಬೇಕು, ಒಂದನ್ನು ಊರ ಹೊರಗಿನ ಮಠದ ಭಂಡಾರದಲ್ಲಿ ಇಡಬೇಕು ಎಂದು ತೀರ್ಮಾನಿಸಿದರು. ಅವನ ಬಳಿ ಒಂದು ಪ್ರತಿ ಇರಬಹುದೋ ಇಲ್ಲವೋ ಎಂಬುದನ್ನು ಮಾತ್ರ ಮುಂದಿನ ಸಭೆಗೆ ಬಿಟ್ಟರು.

ನಾವು ಹೊರಡುವಾಗ ಕಂಬದ ಮರೆಯಲ್ಲಿ ಕುಳಿತು ಕೇಳುತ್ತಿದ್ದ ಒಬ್ಬ ಅಜ್ಜಿ, ಅಂಥ ಪೆಟ್ಟಿಗೆಯೊಂದಕ್ಕೆ ಎಷ್ಟಾಗುತ್ತದೆಂದು ಅಳಿಯನನ್ನು ವಿಚಾರಿಸಿದರು. ಹೇಳಿದನು. ಮನೆಗೆ ಹೋಗಿ ಹಣ ತಂದು ಎಣಿಸಿ ಕೊಟ್ಟರು. ಲೆಕ್ಕದ ಪುಸ್ತಕ ಹಿಡಿದಿದ್ದವರು ಯಾವ ಬಾಬ್ತಿಗೆ ಬರೆದುಕೊಳ್ಳಲೆಂದು ಒಂದು ಕ್ಷಣ ತಡೆದು, ಶಾಸ್ತ್ರದಾನವೆಂದು ಬರೆದುಕೊಂಡರು.